ಗಕ್ಕಣ್ಣನ ಕಾಲು ನಿರಪರಾಧಿ

ಆ ದಿನ ಬೆಳಿಗ್ಗೆ ಟೀಚರಮ್ಮನ ಮೂಗಿನ ಮೇಲಿದ್ದ ಕನ್ನಡಕ ಹಾರಿಹೋಗಿ ಮುಂದಿನ ಸೀಟಿನ ಟೈಲರನ ಊಟದ ಡಬ್ಬಿಯೊಳಗೆ ಬೀಳದೇ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತವೇ ಆಗುತ್ತಿರಲಿಲ್ಲ. ಟೈಲರ್ ಡಬ್ಬಿಯ ಮುಚ್ಚಳವನ್ನಾದರೂ ಹಾಕಿಟ್ಟುಕೊಂಡಿರಬಾರದೇ? ಅವನಿಗೋ, ಬಸ್ಸಿನಲ್ಲಿ ಕೂತ ಕೂಡಲೇ ಡಬ್ಬಿ ತೆರೆದು ಹೆಂಡತಿ ಏನು ಹಾಕಿಕೊಟ್ಟಿದ್ದಾಳೆಂದು ನೋಡುವ ಚಟ. ನೋಡುವುದು, ನಿಟ್ಟುಸಿರು ಬಿಡುವುದು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ನಿದ್ದೆ ಹೋಗುವುದು.

ಬಸ್ಸು ಶಾಲೆಯ ಸ್ಟಾಪಿನಲ್ಲಿ ಗಕ್ಕನೆ ನಿಂತಿತು. ತೂಕಡಿಸುತ್ತಿದ್ದವರೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿ, ಎದುರಿನ ಕಂಬಿಗೆ ಹಣೆ ಮುಟ್ಟಿಸಿ, ಒಟ್ಟಿಗೆ ಹಿಂದಕ್ಕೆ ಬಂದರು. ಹಿಂಬಾಗಿಲ ಕಂಬಕ್ಕೆ ಒರಗಿ ನಿಂತೇ ನಿದ್ದೆ ಮಾಡುತ್ತಿದ್ದ ಕಂಡಕ್ಟರನ ತಲೆ ಠಣ್ಣೆಂದು ಬಡಿಯಿತು, ಅವನು ಕಣ್ಣು ಬಿಡುವ ಮೊದಲೇ ಬಾಯಿ ಬಿಟ್ಟು, “ಶಾಲೇ, ಶಾಲೇ, ಯಾರ್ರೀ ಇಳಿಯೋರು!” ಎಂದು ಕೂಗಿದ. ಎಲ್ಲರೂ ಹಿಂದಕ್ಕೆ ಬಂದರೂ ಕನ್ನಡಕ ಮಾತ್ರ ಬರಲಿಲ್ಲ.

ಟೀಚರಮ್ಮ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಆದರೂ ದಿನಾ ಇದೇ ಬಸ್ಸಿನಲ್ಲಿ ಬಂದು, ಶಾಲೆಯ ಲೈಬ್ರರಿಯಲ್ಲಿ ಕೂತು, ಸಂಜೆ ವಾಪಸಾಗುತ್ತಿದ್ದರು. ಧ್ವನಿಗೆ ನಿವೃತ್ತಿಯಾಗಿರಲಿಲ್ಲ. ಡಬ್ಬಿಯಿಂದ ಕನ್ನಡಕ ಎತ್ತಿಕೊಂಡು ಸೆರಗಿನಲ್ಲಿ ಒರೆಸುತ್ತಾ, “ಈ ಮನುಷ್ಯನಿಗೆ ಬ್ರೇಕ್ ಹಾಕೋಕೇ ಬರಲ್ಲ!” ಎಂದು ಬಸ್ಸಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು. ಅಲ್ಲೇ, ಮೆಟ್ಟಿಲ ಮೇಲೆ ನಿಂತೇ, ಡಿಪೋ ಮ್ಯಾನೇಜರಿಗೆ ಫೋನೂ ಮಾಡಿದರು.

“ಟೀಚರಮ್ಮ, ನಾನು ಮುಟ್ಟಿದ್ದಷ್ಟೇ. ಒತ್ತಲೇ ಇಲ್ಲ,” ಎಂದ ಡ್ರೈವರ್.

“ಒತ್ತದೇ ಹೀಗಾದ್ರೆ, ಒತ್ತಿದ್ದಿದ್ರೆ ನಾನು ಮುಂದಿನ ಸ್ಟಾಪಲ್ಲಿ ಬೀಳ್ತಿದ್ದೆ,” ಎಂದು ಹೇಳಿ ಟೀಚರಮ್ಮ ಇಳಿದುಹೋದರು.

ಈ ಡ್ರೈವರನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅವನು ಎಲ್ಲರಿಗೂ ಗಕ್ಕಣ್ಣ. ಗಕ್ಕನೆ ಬ್ರೇಕ್ ಹಾಕುವವನು ಗಕ್ಕಣ್ಣ. ಹೆಸರು ಹುಡುಕಲು ಜನ ತಲೆ ಕೆಡಿಸಿಕೊಂಡಿರಲಿಲ್ಲ. ಅವನಿಗೆ ಮಾತ್ರ ಆ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಹಾಗೆ ಕರೆದರೆ ಓಗೊಡಬಾರದು ಎಂದು ಶಪಥ ಮಾಡಿಬಿಟ್ಟಿದ್ದ. “ಗಕ್ಕಣ್ಣಾ, ಟೀ ಆರ್ತಾ ಇದೆ” ಎಂದು ಕ್ಯಾಂಟೀನಿನಿಂದ ಕೂಗಿದರೆ, ಆರಿದರೆ ಆರಲಿ ಎಂದು ಕೂತಲ್ಲೇ ಕೂತಿರುವ ಹಠಮಾರಿ. ಕಂಡಕ್ಟರನಂತೂ ಎದುರಿಗೆ “ಅಣ್ಣಾ” ಎನ್ನುತ್ತಿದ್ದ, ಬೆನ್ನ ಹಿಂದೆ ಉಳಿದವರು ಅನ್ನುವುದನ್ನೇ ಅನ್ನುತ್ತಿದ್ದ.

ಪಾಪ, ಅವನು ಹೇಳುತ್ತಿದ್ದುದು ಒಂದೇ ಮಾತು: ನನ್ನ ಕಾಲು ಮೆತ್ತಗಿದೆ, ನನ್ನ ಕಾಲಿನದು ತಪ್ಪಿಲ್ಲ. ಅದನ್ನು ಯಾರು ನಂಬಬೇಕು? ಕಾಲು ಅವನದು, ಪೆಡಲ್ ಅವನ ಕಾಲ ಕೆಳಗಿನದು, ಹಣೆ ಪ್ರಯಾಣಿಕರದು.

ಬೆಳಗಿನ ಟ್ರಿಪ್ ಮುಗಿಸಿ ಡಿಪೋಗೆ ಬರುವಷ್ಟರಲ್ಲಿ ಮ್ಯಾನೇಜರ್ ಕಾದು ಕೂತಿದ್ದರು.

“ಬಾರಯ್ಯಾ, ಬಾ. ಆ ಕಿಟಕಿ ಹತ್ರ ನಿಂತ್ಕೋ. ಹೊರಗೆ ಏನು ಕಾಣುತ್ತೆ?”

“ಟೈರ್ ಸ್ಟೋರು, ಸಾರ್.”

“ಒಳಗೆ?”

“ದಪ್ಪಣ್ಣ, ಸಾರ್.”

ದಪ್ಪಣ್ಣ ಒಂದು ಕಾಲಕ್ಕೆ ಡ್ರೈವರನಾಗಿದ್ದವನು. ಜಿರಲೆ ಕಂಡವರು ಚಪ್ಪಲಿಯಲ್ಲಿ ಹೊಸಕುವ ಹಾಗೆ ಬ್ರೇಕ್ ತುಳಿಯುತ್ತಿದ್ದ. ಅವನ ಒಂದೊಂದು ಬ್ರೇಕಿಗೂ ಹಿಂದಿನ ಸೀಟಿನವರು ಮುಂದಿನ ಸೀಟಿನವರ ಮಡಿಲಿಗೆ ಹೋಗಿ ನೆಂಟರಾಗುತ್ತಿದ್ದರು. ದೂರು ಜಾಸ್ತಿಯಾಗಿ ಅವನನ್ನು ಟೈರ್ ಸ್ಟೋರಿಗೆ ಹಾಕಿದ್ದರು. ಕಿಟಕಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ಟೈರು, ಉಸಿರೆಳೆದರೆ ರಬ್ಬರು. ಅಲ್ಲಿ ಅವನು ಟೈರಿನ ಮೇಲೆ ಕೂತು, ಗುಜರಿಯ ಹಳೇ ಸ್ಟೇರಿಂಗ್ ಒಂದನ್ನು ಮಡಿಲಲ್ಲಿಟ್ಟುಕೊಂಡು, ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ದಿನ ನೂಕುತ್ತಿದ್ದ.

“ಇನ್ನೊಂದೇ ಒಂದು ದೂರು ಬರಲಿ,” ಎಂದರು ಮ್ಯಾನೇಜರ್, “ಅವನ ಪಕ್ಕದಲ್ಲಿ ನಿನಗೂ ಒಂದು ಟೈರು ಹಾಕಿಸ್ತೀನಿ. ಇವತ್ತೇ ಬರಲಿ, ಇವತ್ತೇ ಹಾಕಿಸ್ತೀನಿ.”

ಬಸ್ಸು ಓಡಿಸುವುದು ಬಿಟ್ಟರೆ ಗಕ್ಕಣ್ಣನಿಗೆ ಬೇರೆ ಆಸೆಯೇ ಇರಲಿಲ್ಲ. ರಜೆಯ ದಿನವೂ ಡಿಪೋಗೆ ಬಂದು ಬಸ್ಸಿನ ಗಾಜು ಒರೆಸಿ ಹೋಗುವವನು. ಆ ಬಸ್ಸು ಹೊಸದಾಗಿ ಬಂದಾಗಿನಿಂದ ಅವನ ಕೈಯಲ್ಲೇ ಇತ್ತು. ಮನೆಯಲ್ಲಿ ಹೆಂಡತಿ ಅದನ್ನು “ನನ್ನ ಸವತಿ” ಎಂದೇ ಕರೆಯುತ್ತಿದ್ದಳು.

ಅವನು ಕೈ ಮುಗಿಯಲು ಹೊರಟಿದ್ದ, ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಫೋನು ಕಿವಿಗಿಟ್ಟುಕೊಂಡರೆ ಕಿವಿ ಬಿಸಿಯಾಗುತ್ತದೆಂದು ಮ್ಯಾನೇಜರ್ ಯಾವಾಗಲೂ ಸ್ಪೀಕರಿಗೇ ಹಾಕುತ್ತಿದ್ದರು. ಹೀಗಾಗಿ ಡಿಪೋದಲ್ಲಿ ಯಾರ ಗುಟ್ಟೂ ಗುಟ್ಟಾಗಿ ಉಳಿದದ್ದಿಲ್ಲ.

“ನಮಸ್ಕಾರ ಸಾರ್, ಬಸ್ ಕಂಪನಿಯಿಂದ ಮಾತಾಡ್ತಾ ಇದೀನಿ,” ಎಂದಿತು ಒಂದು ಹೆಣ್ಣು ಧ್ವನಿ. “ನಿಮ್ಮ ಡಿಪೋದಲ್ಲಿ ನಮ್ಮದೊಂದು ಬಸ್ಸಿದೆ. ಆ ಮಾಡೆಲಿನ ಬಸ್ಸು, ಲಾರಿ ಎಲ್ಲವನ್ನೂ ನಾವು ರಿಪೇರಿಗೆ ಅಂತ ವಾಪಸ್ ಕರೆಸ್ತಾ ಇದೀವಿ. ಬ್ರೇಕ್ ವಾಲ್ವಿನಲ್ಲಿ ದೋಷ ಇದೆ.”

“ಏನು ದೋಷ?”

“ಪೆಡಲ್ ಕೆಳಗಿನ ವಾಲ್ವಿನೊಳಗೆ ಒಂದು ಸ್ಪ್ರಿಂಗು ಸಿಕ್ಕಿಹಾಕಿಕೊಳ್ಳುತ್ತೆ ಸಾರ್. ಡ್ರೈವರ್ ಎಷ್ಟೇ ಮೆತ್ತಗೆ ಮುಟ್ಟಿದ್ರೂ ಬ್ರೇಕ್ ಗಕ್ಕಂತ ಹಿಡಿದುಬಿಡುತ್ತೆ. ಡ್ರೈವರದ್ದೇನೂ ತಪ್ಪಿರಲ್ಲ.”

ಗಕ್ಕಣ್ಣ ಮೇಜಿನ ಮೇಲೆ ಬಗ್ಗಿ, ಫೋನಿಗೆ ಬಾಯಿ ಹಚ್ಚಿ, “ತಾಯೀ, ಆ ಕೊನೇ ಮಾತು ಇನ್ನೊಂದ್ಸಲ ಹೇಳ್ತೀರಾ?” ಎಂದ. ಅವನ ಕಣ್ಣಲ್ಲಿ ನೀರಿತ್ತು.

“ಡ್ರೈವರದ್ದೇನೂ ತಪ್ಪಿರಲ್ಲ, ಸಾರ್.”

“ಸ್ವಲ್ಪ ಜೋರಾಗಿ ಹೇಳಿ. ಹೊರಗೆ ಕ್ಯಾಂಟೀನಲ್ಲಿ ಜನ ಇದಾರೆ.”

ಮ್ಯಾನೇಜರ್ ಅವನನ್ನು ಪಕ್ಕಕ್ಕೆ ತಳ್ಳಿ, “ಇಷ್ಟು ದಿನ ಯಾಕೆ ತಿಳಿಸಲಿಲ್ಲ?” ಎಂದು ಗದರಿದರು. ಹುಡುಗಿ ಮೂರು ಸಲ ಕಾಗದ ಬರೆದಿದ್ದೇವೆ ಎಂದಳು. ಮ್ಯಾನೇಜರ್ ಮೆಲ್ಲಗೆ ಕಿಟಕಿಯ ಕಡೆ ನೋಡಿದರು. ಗಾಳಿಗೆ ಬಡಿದುಕೊಳ್ಳದಂತೆ ಕಿಟಕಿಯ ಸಂದಿಗೆ ಮಡಚಿ ಮಡಚಿ ತುರುಕಿದ್ದ ಮೂರು ಲಕೋಟೆಗಳು ಅವರನ್ನೇ ನೋಡುತ್ತಿದ್ದವು.

ಇವತ್ತು ಮಧ್ಯಾಹ್ನ ಊಟದ ಹೊತ್ತಿನೊಳಗೆ ಕಂಪನಿಯ ವರ್ಕ್‌ಶಾಪಿಗೆ ಬಸ್ಸು ತಂದರೆ ಕೂಡಲೇ ವಾಲ್ವು ಬದಲಾಯಿಸಿ ಕೊಡುತ್ತೇವೆ, ತಪ್ಪಿದರೆ ಸರದಿ ಮುಂದಿನ ತಿಂಗಳಿಗೆ ಹೋಗುತ್ತದೆ ಎಂದಳು ಹುಡುಗಿ. ಮುಂದಿನ ತಿಂಗಳ ತನಕ ದೂರು ಬಾರದಂತೆ ಆ ಬಸ್ಸು ಓಡಿಸುವುದು ಗಕ್ಕಣ್ಣನಿಂದಾಗಲಿ, ಅವನಪ್ಪನಿಂದಾಗಲಿ ಸಾಧ್ಯವಿರಲಿಲ್ಲ. “ಈಗಲೇ ಹೊರಟೆ, ಸಾರ್!” ಎಂದು ಅವನು ಬಾಗಿಲಿಗೆ ಓಡಿದ.

“ನಿಲ್ಲು! ವರ್ಕ್‌ಶಾಪ್ ಇರೋದು ಆ ಕೊನೆಗೆ. ಖಾಲಿ ಬಸ್ಸು ಓಡಿಸೋಕೆ ಡೀಸೆಲ್ ಏನು ನಲ್ಲೀಲಿ ಬರುತ್ತಾ? ದಾರೀಲಿ ಜನ ಹತ್ತಿಸ್ಕೊಂಡು ಹೋಗು,” ಎಂದರು ಮ್ಯಾನೇಜರ್.

ಅಲ್ಲೇ ಎಡವಟ್ಟಾಯಿತು.

ಕಂಡಕ್ಟರನಿಗೆ ಗಕ್ಕಣ್ಣ ವಿಷಯ ಹೇಳಿದಾಗ ಅವನು ತಲೆ ಕೆರೆದುಕೊಂಡು, “ವಾಪಸ್ ಕರೆಸೋದು ಅಂದ್ರೆ ಏನಣ್ಣಾ? ತವರಿಗೆ ಕರೆಸಿಕೊಳ್ಳೋದಾ?” ಎಂದು ಕೇಳಿದ. “ಹಾಗೇ ಅಂದ್ಕೋ. ತವರಿನವರೇ ತಪ್ಪು ಒಪ್ಪಿಕೊಂಡಿದಾರೆ. ನಮ್ಮ ಮಗಳಲ್ಲೇ ಐಬಿತ್ತು, ಅಳಿಯಂದಿರದ್ದು ಏನೂ ತಪ್ಪಿಲ್ಲ ಅಂತ,” ಎಂದು ಗಕ್ಕಣ್ಣ ಮೀಸೆ ತಿರುವಿದ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಎಷ್ಟೋ ವರ್ಷ ಬೈಸಿಕೊಂಡ ಮನುಷ್ಯ, ಸುಮ್ಮನಿರಲು ಸಾಧ್ಯವೇ? ಮಾರ್ಕೆಟ್ ಸ್ಟಾಪಿನಲ್ಲಿ ಬಸ್ಸು ತುಂಬಿದ ಕೂಡಲೇ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಘೋಷಿಸಿದ: “ಎಲ್ಲರೂ ಕೇಳಿ! ಈ ಬಸ್ಸಿನ ಬ್ರೇಕಿನಲ್ಲೇ ದೋಷ ಇದೆ ಅಂತ ಕಂಪನಿಯವರೇ ಹೇಳಿದಾರೆ!”

ಅವನು ಚಪ್ಪಾಳೆ ನಿರೀಕ್ಷಿಸಿದ್ದ. ಬಂದದ್ದು ಚೀರಾಟ.

“ಅಯ್ಯಯ್ಯೋ, ಬ್ರೇಕ್ ಇಲ್ವಂತೆ!” ಎಂದು ನೂಲು ಕೊಳ್ಳಲು ಮಾರ್ಕೆಟ್ಟಿಗೆ ಬಂದಿದ್ದ ನಮ್ಮ ಟೈಲರ್ ಎಲ್ಲರಿಗಿಂತ ಮೊದಲು ಕೂಗಿದ. ಜನ ಎರಡೂ ಬಾಗಿಲಿಗೆ ನುಗ್ಗಿದರು. ಒಬ್ಬರು ಕಿಟಕಿಯಲ್ಲಿ ಅರ್ಧ ಹೊರಗೆ ಹೋಗಿ ಅಲ್ಲೇ ಸಿಕ್ಕಿಕೊಂಡರು.

“ಬ್ರೇಕ್ ಇದೆ ಕಣ್ರೀ! ಜಾಸ್ತಿ ಇದೆ! ಅದೇ ದೋಷ!” ಎಂದು ಗಕ್ಕಣ್ಣ ಬಡಿದುಕೊಂಡ.

“ಜಾಸ್ತಿ ಬ್ರೇಕ್ ಇರೋದು ಎಲ್ಲಾದ್ರೂ ದೋಷ ಆಗುತ್ತೇನ್ರೀ? ಯಾರಿಗೆ ಹೇಳ್ತೀರಾ?” ಎಂದು ಟೈಲರ್ ಕೈ ಬೀಸಿದ. ಅವನ ವಾದದಲ್ಲಿ ಹುರುಳಿದೆ ಎಂದು ಎಲ್ಲರಿಗೂ ಅನ್ನಿಸಿತು.

ಆಮೇಲೆ ಊರಿಗೆ ಊರೇ ಬಸ್ಸಿನ ಉಸ್ತುವಾರಿ ವಹಿಸಿಕೊಂಡಿತು. ಇಳಿದವರು ಮನೆಗೆ ಹೋದರೇ? ಇಲ್ಲ. ಬ್ರೇಕಿಲ್ಲದ ಬಸ್ಸನ್ನು ಒಂಟಿಯಾಗಿ ಬಿಡಬಾರದೆಂದು ಟೈಲರ್ ಹಿರಿತನ ವಹಿಸಿದ. ಕಂಡಕ್ಟರನ ಕೈಗೆ ಒಂದು ದಪ್ಪ ಕಲ್ಲು ಕೊಟ್ಟು, ಚಕ್ರದ ಪಕ್ಕದಲ್ಲೇ ನಡೆದು ಬರಬೇಕು, ಬಸ್ಸು ಓಡಿದರೆ ಅಡ್ಡ ಹಾಕಬೇಕು ಎಂದು ಅಪ್ಪಣೆಯಾಯಿತು. ಟೈಲರ್ ತಾನೇ ಚೀಲದಿಂದ ಕೆಂಪು ಲಂಗದ ಬಟ್ಟೆಯೊಂದನ್ನು ತೆಗೆದು ಬೀಸುತ್ತಾ ಮುಂದೆ ಮುಂದೆ ನಡೆದ. “ದಾರಿ ಬಿಡ್ರೀ, ಬ್ರೇಕಿಲ್ಲದ ಬಸ್ಸು ಬರ್ತಿದೆ!” ಎಂದು ಅವನು ಕೂಗಿದಾಗಲೆಲ್ಲ ಜನ ಅಂಗಡಿಯ ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದರು. ಆಮೆ ನಡಿಗೆಯಲ್ಲಿ ಬರುತ್ತಿದ್ದ ಬಸ್ಸನ್ನು ನೋಡಿ, ಇದೇನಾ ಎಂದು ಬೇಸರಪಟ್ಟು ಇಳಿಯುತ್ತಿದ್ದರು. ಗಕ್ಕಣ್ಣ ಒಂದು ಸಲ ಬ್ರೇಕ್ ಮುಟ್ಟಿದ. ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ಬೆಚ್ಚಿ ಕಲ್ಲನ್ನು ತನ್ನ ಕಾಲ ಮೇಲೇ ಹಾಕಿಕೊಂಡ.

“ನೋಡಿದ್ರಾ, ನಿಂತಿತು!” ಎಂದ ಗಕ್ಕಣ್ಣ ಕಿಟಕಿಯಿಂದ.

“ಅದು ಕಲ್ಲು ಹಾಕಿದ್ದಕ್ಕೆ ನಿಂತಿದ್ದು,” ಎಂದ ಟೈಲರ್.

ವರ್ಕ್‌ಶಾಪಿನ ಗೇಟು ಮುಟ್ಟಿದಾಗ ಅಲ್ಲಿನವರು ಊಟಕ್ಕೆಂದು ಕೈ ತೊಳೆಯುತ್ತಿದ್ದರು. ಮುಂದೆ ಕೆಂಪು ಬಟ್ಟೆ, ಹಿಂದೆ ಹಾರನ್ ಬಡಿಯುವ ವಾಹನಗಳ ಸಾಲು, ಮಧ್ಯೆ ಕುಂಟುತ್ತಾ ಕಲ್ಲು ಹೊತ್ತ ಕಂಡಕ್ಟರ್. ಇಷ್ಟು ವೈಭವದಿಂದ ಯಾವ ಬಸ್ಸೂ ತವರಿಗೆ ಬಂದಿರಲಿಲ್ಲ. ಹಿರಿಯ ಮೆಕ್ಯಾನಿಕ್ ಒಬ್ಬರು ಒದ್ದೆ ಕೈಯಲ್ಲೇ ಬಸ್ಸಿನ ಕೆಳಗೆ ನುಗ್ಗಿ, ಹಳೇ ವಾಲ್ವು ಬಿಚ್ಚಿ ಹೊರಗೆ ತಂದರು. ಒಳಗಿನ ಸ್ಪ್ರಿಂಗು ವಕ್ರವಾಗಿ ಬಾಗಿ ಕೂತಿತ್ತು. ಅದನ್ನು ನೋಡಿ, ಗಕ್ಕಣ್ಣನ ಮುಖ ನೋಡಿ, ಮತ್ತೆ ಅದನ್ನು ನೋಡಿದರು.

“ಇದನ್ನಿಟ್ಕೊಂಡು ಇಷ್ಟು ವರ್ಷ ಓಡಿಸಿದೀರಾ? ಬೇರೆಯವರ ಕಾಲಾಗಿದ್ರೆ ಜನ ಗಾಜು ಒಡೆದುಕೊಂಡು ರಸ್ತೆಗೆ ಬೀಳ್ತಿದ್ರು ಕಣ್ರೀ. ನಿಮ್ಮ ಕಾಲು ಹೂವಿನಂಥದ್ದು.”

ಗಕ್ಕಣ್ಣ ತನ್ನ ಬಲಗಾಲನ್ನು ಬಗ್ಗಿ ನೋಡಿಕೊಂಡು, ಅಳುವ ಮಗುವನ್ನು ತಟ್ಟುವ ಹಾಗೆ ಮೊಣಕಾಲ ಮೇಲೆ ಮೆಲ್ಲಗೆ ತಟ್ಟಿದ. ಆ ವಾಲ್ವನ್ನು ಮನೆಗೆ ಒಯ್ದು ಗೋಡೆಗೆ ನೇತುಹಾಕುತ್ತೇನೆ, ಕೊಡಿ ಎಂದು ಗೋಗರೆದ. ಆಗುವುದಿಲ್ಲ, ಹಳೆಯದು ಕಂಪನಿಗೇ ಹೋಗಬೇಕು ಎಂದು ಅದನ್ನು ಡಬ್ಬದಲ್ಲಿಟ್ಟು ಅರಗು ಒತ್ತಿಬಿಟ್ಟರು. ಕೊನೆಗೆ ಡಬ್ಬದ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡ. ವರ್ಕ್‌ಶಾಪಿನವರು ಅವನ ಫೋನ್ ನಂಬರ್ ಬರೆದುಕೊಂಡು ಕಳುಹಿಸಿದರು.

ಹೊರಡುವ ಮೊದಲು ಹೆಂಡತಿಗೆ ಫೋನು ಮಾಡಿದ. “ಕೇಳಿದ್ಯೇನೇ? ತಪ್ಪು ನಂದಲ್ಲ! ಎಲ್ಲಾ ಆ ವಾಲ್ವಿಂದು!”

“ಹಾಗಾದ್ರೆ ನೀವು ದಿನಾ ಮನೆ ಬಾಗಿಲು ಧಡಾರ್ ಅಂತ ಹಾಕ್ತೀರಲ್ಲ, ಅದಕ್ಕೂ ವಾಲ್ವು ಇದೆಯಾ?” ಎಂದಳು ಆಕೆ. “ಬರ್ತಾ ಸೋಪು ತನ್ನಿ.”

ಹೆಂಡತಿಯ ಮಾತು ಕೂಡ ಆ ದಿನ ಅವನಿಗೆ ಸಿಹಿಯಾಗಿಯೇ ಕೇಳಿಸಿತು.

ಸಂಜೆಯ ಟ್ರಿಪ್ಪಿಗೆ ಗಕ್ಕಣ್ಣ ಮುಖ ತೊಳೆದು, ತಲೆ ಬಾಚಿ, ಶರ್ಟಿನ ಮೇಲಿನ ಗುಂಡಿ ಕೂಡ ಹಾಕಿಕೊಂಡು ಕೂತ. ಬೆಳಗಿನ ಜನವೇ ಮನೆಗೆ ಮರಳಲು ಹತ್ತಿದರು: ಟೀಚರಮ್ಮ, ಟೈಲರ್, ಬ್ಯಾಂಕಿನವರು, ಆಸ್ಪತ್ರೆಯ ನರ್ಸಮ್ಮ. ಟೈಲರ್ ಪ್ರತಿ ಸೀಟಿಗೂ ಬಗ್ಗಿ, “ನಾನಿಲ್ಲದಿದ್ರೆ ಇವತ್ತು ಬಸ್ಸು ವರ್ಕ್‌ಶಾಪ್ ಮುಟ್ತಿರಲಿಲ್ಲ” ಎಂದು ಹೇಳಿ ಬಂದ. ಟೀಚರಮ್ಮ ಕನ್ನಡಕವನ್ನು ತೆಗೆದು ಭದ್ರವಾಗಿ ಚೀಲದಲ್ಲಿಟ್ಟು, ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಯಾವುದೇ ಪರೀಕ್ಷೆಗೆ ಸಿದ್ಧರಾದವರ ಮುಖ ಅವರದು.

ಮೊದಲ ಸ್ಟಾಪು ಬಂತು. ಗಕ್ಕಣ್ಣ ಉಸಿರು ಬಿಗಿಹಿಡಿದು ಪೆಡಲ್ ಮುಟ್ಟಿದ. ಬಸ್ಸು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಯಾವಾಗ ನಿಂತಿತೆಂದು ಅವನಿಗೇ ತಿಳಿಯಲಿಲ್ಲ. ಮರದಿಂದ ಎಲೆ ಉದುರಿದ ಹಾಗೆ!

“ಪರವಾಗಿಲ್ವೇ,” ಎಂದರು ಟೀಚರಮ್ಮ, ಕಂಬಿಯಿಂದ ಒಂದು ಕೈ ತೆಗೆದು. ಮುಂದಿನ ಸ್ಟಾಪಿನಲ್ಲಿ ಇನ್ನೊಂದು ಕೈಯನ್ನೂ ತೆಗೆದರು.

ಗಕ್ಕಣ್ಣ ಹಿಗ್ಗಿ ಹೀರೇಕಾಯಿಯಾದ. ಇಷ್ಟು ವರ್ಷದ ಅವಮಾನವನ್ನು ಒಂದೊಂದು ಸ್ಟಾಪಿನಲ್ಲೂ ಒಂದಿಷ್ಟು ಒಂದಿಷ್ಟಾಗಿ ತೊಳೆದು ಹಾಕುತ್ತಾ ಹೋದ. ನೀರಿನ ಟ್ಯಾಂಕಿನ ಸ್ಟಾಪಿನಲ್ಲಿ ಬಸ್ಸನ್ನು ತೊಟ್ಟಿಲಿನ ಹಾಗೆ ನಿಲ್ಲಿಸಿ, ಬಾಗಿಲು ತೆರೆದು ಕಾದ. ಯಾರೂ ಇಳಿಯಲಿಲ್ಲ. ಟೀಚರಮ್ಮನ ಮನೆ ಇಲ್ಲೇ ಅಲ್ಲವೇ ಎಂದು ಒಂದು ಗಳಿಗೆ ಅನುಮಾನವಾಯಿತು. ಕನ್ನಡಿಯಲ್ಲಿ ನೋಡಿದ. ಟೀಚರಮ್ಮನ ತಲೆ ನಿಧಾನವಾಗಿ ಮೇಲೆ ಕೆಳಗೆ ಆಡುತ್ತಿತ್ತು. ಅವರ ಮುಂದೆ ಟೈಲರನ ತಲೆ, ಬ್ಯಾಂಕಿನವರ ತಲೆ, ನರ್ಸಮ್ಮನ ತಲೆ, ಬಸ್ಸಿನಲ್ಲಿದ್ದ ಎಲ್ಲರ ತಲೆಯೂ ಹೌದು ಹೌದು ಎನ್ನುವಂತೆ ಆಡುತ್ತಿದ್ದವು. ಎಲ್ಲರೂ ತಲೆದೂಗುತ್ತಿದ್ದಾರೆ! ಪಾಪ, ಇಳಿಯಲು ಮನಸ್ಸೇ ಬರುತ್ತಿಲ್ಲ ಇವರಿಗೆ, ಕೂತಿರಲಿ ಬಿಡು, ಎಂದುಕೊಂಡು ಗಕ್ಕಣ್ಣ ಬಾಗಿಲು ಮುಚ್ಚಿದ. ಹಿಂದಿನಿಂದ ಕಂಡಕ್ಟರನ ಕೂಗು ಬಾರದೇ ಇದ್ದದ್ದು ಆ ಸಂಭ್ರಮದಲ್ಲಿ ಅವನ ಗಮನಕ್ಕೇ ಬರಲಿಲ್ಲ.

ಬ್ಯಾಂಕಿನವರ ಸ್ಟಾಪು ಹೋಯಿತು. ಟೈಲರನ ಸ್ಟಾಪು ಹೋಯಿತು. ಎಲ್ಲೆಲ್ಲೂ ಬಸ್ಸು ನಿಂತಿತು, ಬಾಗಿಲು ತೆರೆಯಿತು, ಮುಚ್ಚಿತು. ಕೊನೆಯ ಸ್ಟಾಪು ಇಟ್ಟಿಗೆ ಗೂಡಿನ ಹಿಂದಿನ ಬಯಲು. ಅಲ್ಲಿ ಎರಡು ನಾಯಿ, ಒಂದು ಮುರುಕು ಲಾರಿ ಬಿಟ್ಟರೆ ಯಾರೂ ವಾಸಿಸುತ್ತಿರಲಿಲ್ಲ. ಗಕ್ಕಣ್ಣ ಎಂಜಿನ್ ಆರಿಸಿ, ಎದ್ದು, ಶರ್ಟು ಎಳೆದುಕೊಂಡು, ಕೃತಜ್ಞತೆ ಸ್ವೀಕರಿಸಲು ಹಿಂದಕ್ಕೆ ತಿರುಗಿ ನಿಂತ.

ಬಸ್ಸಿಗೆ ಬಸ್ಸೇ ಗೊರಕೆ ಹೊಡೆಯುತ್ತಿತ್ತು.

ಟೀಚರಮ್ಮ ಕಿಟಕಿಗೆ ಒರಗಿ ಬಾಯಿ ತೆರೆದಿದ್ದರು. ಟೈಲರ್ ಬ್ಯಾಂಕಿನವರ ಹೆಗಲ ಮೇಲೆ, ಬ್ಯಾಂಕಿನವರು ಟೈಲರನ ತಲೆಯ ಮೇಲೆ. ಹಿಂಬಾಗಿಲಲ್ಲಿ ಕಂಡಕ್ಟರ್ ಕಂಬವನ್ನು ಅಪ್ಪಿಕೊಂಡು ನಗುತ್ತಾ ಮಲಗಿದ್ದ. ಗಕ್ಕಣ್ಣನಿಗೆ ಈಗ ಗೊತ್ತಾಯಿತು: ಇಷ್ಟು ವರ್ಷವೂ ಇವರೆಲ್ಲ ಹತ್ತಿದ ಕೂಡಲೇ ಮಲಗುತ್ತಿದ್ದರು, ಸ್ಟಾಪಿಗೊಮ್ಮೆ ಅವನ ಬ್ರೇಕಿಗೆ ಏಳುತ್ತಿದ್ದರು, ತಮ್ಮ ಸ್ಟಾಪಾದರೆ ಬೈದು ಇಳಿಯುತ್ತಿದ್ದರು, ಅಲ್ಲವಾದರೆ ಬೈದು ಮಲಗುತ್ತಿದ್ದರು.

ಎಬ್ಬಿಸದೇ ವಿಧಿಯಿರಲಿಲ್ಲ. ಅವನು ಹಾರನ್ ಒತ್ತಿದ. ಎದ್ದವರು ಕಿಟಕಿಯಾಚೆ ನೋಡಿ ಹೌಹಾರಿದರು.

“ಇದ್ಯಾವ ಊರು?” ಎಂದ ಟೈಲರ್. “ನನ್ನನ್ನ ಎಲ್ಲಿಗೆ ತಂದ್ರಿ? ಹೊಸ ಕೋಟಿಗೆ ಅಳತೆ ಕೊಡೋಕೆ ಗಿರಾಕಿ ಬಂದು ಕೂತಿರ್ತಾರೆ!”

“ಮನೇಲಿ ಒಲೆ ಮೇಲೆ ಹಾಲಿಡೋ ಹೊತ್ತು,” ಎಂದರು ನರ್ಸಮ್ಮ. ಬ್ಯಾಂಕಿನವರಿಗೆ ಹೆಂಡತಿಯ ಫೋನು ಬಂದೇಬಿಟ್ಟಿತು. ತಾನು ಇಟ್ಟಿಗೆ ಗೂಡಿನಲ್ಲಿದ್ದೇನೆ ಎಂಬುದನ್ನು ಆಕೆಗೆ ನಂಬಿಸುವಷ್ಟರಲ್ಲಿ ಅವರ ಬೆವರಿಳಿಯಿತು.

ಟೀಚರಮ್ಮ ಚೀಲದಿಂದ ಕನ್ನಡಕ ತೆಗೆದು, ಹಾಕಿಕೊಂಡು, ನಾಯಿಗಳನ್ನು ನೋಡಿ, ಮುರುಕು ಲಾರಿಯನ್ನು ನೋಡಿ, ಗಕ್ಕಣ್ಣನನ್ನು ನೋಡಿದರು. ಆಮೇಲೆ ಬೆಳಗಿನ ಧ್ವನಿಯಲ್ಲೇ, ಬೆಳಗಿನ ಮಾತನ್ನೇ ಹೇಳಿದರು:

“ಈ ಮನುಷ್ಯನಿಗೆ ಬ್ರೇಕ್ ಹಾಕೋಕೇ ಬರಲ್ಲ!”

ಫೋನಿನಲ್ಲಿ ಹೇಳಿದರೆ ಸಾಲದು, ಎದುರಿಗೇ ಹೇಳಬೇಕು, ನಡೀರಿ ಡಿಪೋಗೆ ಎಂದು ಎಲ್ಲರೂ ಒಕ್ಕೊರಲಿನಿಂದ ಅಂದರು. ಮನೆಗೆ ತಡವಾಯಿತೆಂದು ಗೋಳಾಡಿದವರೇ ಜಗಳ ನೋಡಲು ಮನೆ ದಾಟಿ ಹೊರಟರು. ತನ್ನ ಮೇಲೆ ದೂರು ಹೇಳುವವರನ್ನು ತಾನೇ ಬಸ್ಸಿನಲ್ಲಿ ಕೂರಿಸಿಕೊಂಡು, ಅದೂ ಒಂದು ಕುಲುಕಿಲ್ಲದ ಹಾಗೆ, ಗಕ್ಕಣ್ಣ ಡಿಪೋಗೆ ಕರೆತಂದ.

ಮ್ಯಾನೇಜರ್ ಮನೆಗೆ ಹೊರಟಿದ್ದವರು ಬಸ್ಸು ನೋಡಿ ಅಂಗಳದಲ್ಲೇ ನಿಂತರು. ಎಲ್ಲ ಕೇಳಿ ತಲೆ ಹಿಡಿದುಕೊಂಡರು. “ಏನ್ರೀ ಇದು? ಬೆಳಿಗ್ಗೆ ಗಕ್ ಅನ್ನುತ್ತೆ ಅಂದ್ರಿ. ಈಗ ಗಕ್ ಅನ್ನಲ್ಲ ಅಂತೀರಿ!”

“ಸ್ವಲ್ಪ ಕಡಿಮೆ ಮಾಡಿಸಿ ಅಂದೆ. ಪೂರ್ತಿ ತೆಗೆಸಿ ಅಂದಿದ್ನಾ?” ಎಂದರು ಟೀಚರಮ್ಮ.

ಮ್ಯಾನೇಜರ್ ಕಂಡಕ್ಟರನ ಕಡೆ ತಿರುಗಿದರು. “ಸ್ಟಾಪ್ ಕೂಗಬೇಕಾದೋನು ನೀನು. ನೀನೇನು ಮಾಡ್ತಿದ್ದೆ?”

“ಸಾರ್,” ಎಂದ ಕಂಡಕ್ಟರ್ ವಿನಯದಿಂದ, “ನನ್ನನ್ನ ಎಬ್ಬಿಸ್ತಿದ್ದಿದ್ದೂ ಅದೇ ಬ್ರೇಕಲ್ವಾ?”

ಮ್ಯಾನೇಜರ್ ಎಷ್ಟಾದರೂ ದಯೆಯುಳ್ಳವರು, ಗಕ್ಕಣ್ಣನಿಗೆ ಒಂದು ಅವಕಾಶ ಕೊಟ್ಟರು. ಕ್ಯಾಂಟೀನಿನಿಂದ ತುಂಬಿದ ಲೋಟ ನೀರು ತರಿಸಿ, ಬಸ್ಸಿನ ನಡುವೆ ನೆಲದ ಮೇಲಿಟ್ಟರು. ಎಲ್ಲರೂ ಮತ್ತೆ ಹತ್ತಿ ಕೂತರು, ಮ್ಯಾನೇಜರ್ ಲೋಟದ ಪಕ್ಕದಲ್ಲೇ ನಿಂತರು. ಅಂಗಳದಲ್ಲಿ ಒಂದು ಸುತ್ತು ಹಾಕಿ, ಗೇಟಿನ ಹತ್ತಿರ ನಿಲ್ಲಿಸಬೇಕು. ನೀರು ಚೆಲ್ಲಬೇಕು. ಚೆಲ್ಲಿದರೆ ಬಸ್ಸು ಅವನದೇ.

“ಜೋರಾಗಿ ತುಳೀರಿ ಅಣ್ಣಾ,” ಎಂದು ಕಂಡಕ್ಟರ್ ಕಿವಿಯಲ್ಲಿ ಹೇಳಿದ. “ಬೆಳಿಗ್ಗೆ ಮಾಡಿದ ಹಾಗೇ ಮಾಡಿ,” ಎಂದು ಟೀಚರಮ್ಮ ಧೈರ್ಯ ತುಂಬಿದರು.

ಗಕ್ಕಣ್ಣ ಗೇಟಿನ ಹತ್ತಿರ ಬಂದು ಕಣ್ಣು ಮುಚ್ಚಿಕೊಂಡು ಬ್ರೇಕ್ ತುಳಿದ. ಬಸ್ಸು ಮೆಲ್ಲಗೆ ನಿಂತಿತು. ನೀರು ಅಲುಗಾಡಲಿಲ್ಲ. ಇನ್ನೊಂದು ಸುತ್ತು ಬಂದ. ಹಲ್ಲು ಕಚ್ಚಿ, ಮನಸ್ಸಿನಲ್ಲೇ ಮ್ಯಾನೇಜರನ್ನು ನೆನೆಸಿಕೊಂಡು ತುಳಿದ. ಕಾಲು ಪೆಡಲಿನ ಹತ್ತಿರ ಹೋದದ್ದೇ ಅದರ ಪಾಡಿಗೆ ಹೂವಾಗಿಬಿಟ್ಟಿತು. ಕೆಟ್ಟ ವಾಲ್ವಿನ ಮೇಲೆ ಅಷ್ಟು ವರ್ಷ ಮೆತ್ತಗೆ, ಇನ್ನೂ ಮೆತ್ತಗೆ ಎಂದು ಪಳಗಿಸಿದ ಕಾಲು. ಒರಟುತನವನ್ನು ಅದು ಮರೆತೇಹೋಗಿತ್ತು. ಮೂರನೇ ಸುತ್ತಿಗೆ ನರ್ಸಮ್ಮ ಆಕಳಿಸಿದರು. ಬ್ಯಾಂಕಿನವರ ಕಣ್ಣು ಮುಚ್ಚಿದವು.

ಆಗ ಟೈರ್ ಸ್ಟೋರಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ದಪ್ಪಣ್ಣ, ಕೈಯಲ್ಲಿ ಹಳೇ ಸ್ಟೇರಿಂಗ್ ಹಿಡಿದುಕೊಂಡೇ, ನಾಚಿಕೊಳ್ಳುತ್ತಾ ಕೇಳಿದ: “ಸಾರ್, ನಾನೊಂದ್ಸಲ ನೋಡ್ಲಾ?”

ದಪ್ಪಣ್ಣ ಬಸ್ಸು ಹತ್ತಿದ. ಅಂಗಳ ಸುತ್ತಿದ. ಗೇಟಿನ ಹತ್ತಿರ ಜಿರಲೆ ಕಂಡವನಂತೆ ತುಳಿದ.

ಗಕ್!

ಲೋಟ ಹಾರಿತು. ನೀರು ಮ್ಯಾನೇಜರರ ಪ್ಯಾಂಟಿನ ಮೇಲೆ ಬಿತ್ತು. ಟೀಚರಮ್ಮನ ಕನ್ನಡಕ ಜಿಗಿದು ಟೈಲರನ ಖಾಲಿ ಡಬ್ಬಿಯೊಳಗೆ ಕೂತಿತು. ಹಿಂಬಾಗಿಲಲ್ಲಿ ಠಣ್ಣೆಂದು ಸದ್ದಾಗಿ, “ಟ್ಯಾಂಕೂ, ನೀರಿನ ಟ್ಯಾಂಕೂ, ಯಾರ್ರೀ ಇಳಿಯೋರು!” ಎಂದು ಕಂಡಕ್ಟರ್ ಕೂಗಿದ. ಒಂದು ಕ್ಷಣ ಎಲ್ಲರೂ ಹಣೆ ಉಜ್ಜಿಕೊಂಡರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಇಷ್ಟು ವರ್ಷ ಗಕ್ಕಣ್ಣ ಕಾದಿದ್ದ ಚಪ್ಪಾಳೆ ಅದು.

“ನೋಡಿ, ಇವರಿಗೆ ಬರುತ್ತೆ!” ಎಂದರು ಟೀಚರಮ್ಮ, ಡಬ್ಬಿಯಲ್ಲಿ ಕೈಯಾಡಿಸುತ್ತಾ.

ಮ್ಯಾನೇಜರ್ ಪ್ಯಾಂಟು ಕೊಡವಿಕೊಂಡು ಗಕ್ಕಣ್ಣನ ಹೆಗಲ ಮೇಲೆ ಕೈಯಿಟ್ಟರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. “ಬೇಜಾರು ಮಾಡ್ಕೋಬೇಡಪ್ಪಾ. ಇಷ್ಟು ವರ್ಷದ ಸರ್ವೀಸು, ಒಂದು ಬ್ರೇಕ್ ಹಾಕೋಕೆ ಬರಲಿಲ್ವಲ್ಲ ನಿನಗೆ!” ಎಂದು ಟೈರ್ ಸ್ಟೋರಿನ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದರು. ದಪ್ಪಣ್ಣ ತನ್ನ ಹಳೇ ಸ್ಟೇರಿಂಗನ್ನು ತಂದು, “ಇದು ನಿಮಗಿರಲಿ. ಬಲಕ್ಕೆ ಸ್ವಲ್ಪ ಬಿಗಿ, ಎಣ್ಣೆ ಬಿಡಿ,” ಎಂದು ಕೊಟ್ಟು ಹೋದ.

ಗಕ್ಕಣ್ಣ ಟೈರಿನ ಮೇಲೆ ಕೂತ. ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತಾ, ತಿಳಿಯದೆಯೇ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದ. ಜೇಬಿನಲ್ಲಿ ಫೋನು ಬಡಿದುಕೊಂಡಿತು.

“ಸಾರ್, ಬಸ್ ಕಂಪನಿಯಿಂದ. ಬ್ರೇಕ್ ಈಗ ಹೇಗಿದೆ ಸಾರ್?”

“ಬೆಣ್ಣೆ ಇದ್ದ ಹಾಗಿದೆಯಮ್ಮ.”

“ದೂರು ಏನಾದ್ರೂ?”

“ಬಸ್ಸಿನ ಮೇಲೆ ಯಾರದ್ದೂ ಇಲ್ಲಮ್ಮ,” ಎಂದು ಗಕ್ಕಣ್ಣ ಫೋನಿಟ್ಟ.

ಹೊರಗೆ ಬಸ್ಸು ಜನರನ್ನು ಮನೆ ಮುಟ್ಟಿಸಲು ಹೊರಟಿತು. ಗೇಟು ದಾಟುವಾಗ ಒಂದು ಗಕ್, ಆಮೇಲೆ ಒಂದಷ್ಟು ಹಣೆಗಳ ಸದ್ದು, ಅದರ ಹಿಂದೆಯೇ ಟೈಲರನ ಪರಿಚಿತ ಕೂಗು ಕೇಳಿಸಿತು: “ಗಕ್ಕಣ್ಣಾ! ಸ್ವಲ್ಪ ಮೆತ್ತಗೆ!”

“ಹ್ಞಾಂ, ಬಂದೆ!” ಎಂದು ಗಕ್ಕಣ್ಣ ಗಡಬಡಿಸಿ ಎದ್ದು ಬಾಗಿಲಿಗೆ ಓಡಿದ. ಆ ಹೆಸರಿಗೆ ಅವನು ಓಗೊಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

ಟೈಲರ್ ಕರೆದದ್ದು ದಪ್ಪಣ್ಣನನ್ನು. ದಪ್ಪಣ್ಣ ಕಿಟಕಿಯಿಂದ ತಲೆ ಹಾಕಿ, “ಆಯ್ತು, ಆಯ್ತು,” ಎಂದು ನಗುತ್ತಾ ಕೈ ಬೀಸಿದ. ಬಸ್ಸು ರಸ್ತೆ ತಿರುಗಿ ಮರೆಯಾಯಿತು.